ಬೆಲೆ ಕೇಳದ ಬುಟ್ಟಿಗಳು

ಆ ಹೆಂಗಸು ಬರುವಾಗ ಹೆಜ್ಜೆ ಸದ್ದು ಕೇಳುತ್ತಿರಲಿಲ್ಲ. ಸಂತೆಯ ತನ್ನ ಅಂಗಡಿಯಲ್ಲಿ ಬುಟ್ಟಿ ಅಕ್ಕ ತಲೆ ತಗ್ಗಿಸಿಕೊಂಡು ಬೆತ್ತದ ಎಳೆಗಳನ್ನು ಹೆಣೆಯುತ್ತಿದ್ದಾಗ ಮಡಿಲ ಮೇಲೆ ನೆರಳೊಂದು ಬೀಳುತ್ತಿತ್ತು, ಬೆರಳುಗಳು ತಾವಾಗಿಯೇ ನಿಂತುಬಿಡುತ್ತಿದ್ದವು. ತಲೆ ಎತ್ತಿದರೆ ಅವಳೇ. ಇಸ್ತ್ರಿ ಹಾಕಿದ ಬೂದು ಬಣ್ಣದ ಸೀರೆ, ಕಂಕುಳಲ್ಲಿ ಕಪ್ಪು ಕೈಚೀಲ, ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

ಪಕ್ಕದ ಗೂಡಂಗಡಿಯಲ್ಲಿ ಕೀಲಿಕೈ ಮಾಡಿಕೊಡುವವನು ಅವಳಿಗೆ ಅರ್ಧಮ್ಮ ಎಂದು ಹೆಸರಿಟ್ಟಿದ್ದ. ಬೆಲೆ ಎಷ್ಟೆಂದು ಕೇಳುವ ಅಭ್ಯಾಸವೇ ಆಕೆಗಿರಲಿಲ್ಲ. ಬುಟ್ಟಿ ಎತ್ತಿಕೊಂಡು, ತಿರುಗಿಸಿ, ತಳ ತಟ್ಟಿ ನೋಡಿ, ತಾನೇ ಒಂದು ಬೆಲೆ ಹೇಳಿಬಿಡುತ್ತಿದ್ದಳು. ಅದು ಬುಟ್ಟಿ ಅಕ್ಕ ಮನಸ್ಸಿನಲ್ಲಿ ಅಂದುಕೊಂಡಿದ್ದರ ಸರಿಯಾಗಿ ಅರ್ಧ. ಬಾಯಿಬಿಟ್ಟು ಹೇಳದ ಬೆಲೆ ಆಕೆಗೆ ಹೇಗೆ ತಿಳಿಯುತ್ತಿತ್ತೋ.

"ಅಷ್ಟಕ್ಕೆ ಗಿಟ್ಟೋದಿಲ್ಲಮ್ಮ, ಬೆತ್ತ ಸೀಳೋದೇ ಒಂದು ದಿನದ ಕೆಲಸ" ಎಂದು ಬುಟ್ಟಿ ಅಕ್ಕ ಅಂದೂ ಗೊಣಗಿದಳು.

"ಕಡ್ಡಿ ತಾನೇ? ಯಂತ್ರದಲ್ಲಿ ಮಾಡಿದ್ದು ಇದಕ್ಕಿಂತ ನಯವಾಗಿರುತ್ತೆ. ಮನೇಲಿ ಸುಮ್ನೆ ಕೂರೋ ಬದಲು ಹೊತ್ತು ಹೋಗಲಿ ಅಂತ ಹೆಣೀತೀಯ. ಅದಕ್ಕೂ ಬೆಲೆ ಕಟ್ಟಿದರೆ ಹೇಗೆ?"

ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಬೇಡ ಎಂದು ಸಾಕಿ ಬೆಳೆಸಿದ ದೊಡ್ಡಮ್ಮ ಕಲಿಸಿದ್ದಳು. ಬುಟ್ಟಿ ಅಕ್ಕ ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅರ್ಧಮ್ಮ ಬಂದ ಹಾಗೆಯೇ ಸದ್ದಿಲ್ಲದೆ ಹೊರಟುಹೋದಳು.

"ಅಕ್ಕಾ, ಒಂದು ಮಾತು ಕೇಳ್ಲಾ?" ಕೀಲಿಕೈಯವನು ಅರವನ್ನು ಕೆಳಗಿಟ್ಟ. "ನಿಮ್ಮ ದೊಡ್ಡಮ್ಮನ ಕಾಲದಿಂದ ತಗೊಂಡು ಹೋಗ್ತಾನೇ ಇದ್ದಾರೆ. ಒಂದು ದಿನ ಆದ್ರೂ ಕೈಯಲ್ಲಿ ಬುಟ್ಟಿ ಹಿಡ್ಕೊಂಡು ಸಂತೆಗೆ ಬಂದಿದ್ದು ನೋಡಿದ್ಯಾ? ಎಲ್ಲಾ ಎಲ್ಲಿ ಹಾಕ್ತಾರೆ? ತಿಂತಾರಾ?"

ತಮಾಷೆಗೆ ಅಂದ ಮಾತು. ಇಬ್ಬರೂ ನಕ್ಕರು. ಆದರೆ ಸಂಜೆ ಮನೆಗೆ ನಡೆಯುವಾಗ ಆ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಎಂದಿನಂತೆ ಕೂತಿದ್ದಳು. ಕಣ್ಣು ಹೋದ ಮೇಲೆ ಅವಳ ಮಾತೂ ನಿಂತಿತ್ತು. ಕೈ ಮಾತ್ರ ನಿಂತಿರಲಿಲ್ಲ. ಮಡಿಲಲ್ಲಿ ಏನೂ ಇಲ್ಲದಿದ್ದರೂ ಎಡಗೈ ಎಳೆಯನ್ನು ಬಾಗಿಸುವುದು, ಬಲಗೈ ಅದನ್ನು ತೂರಿಸಿ ಎಳೆಯುವುದು, ಒಂದು ಸುತ್ತು ಮುಗಿದೊಡನೆ ಹೆಣಿಗೆ ಒತ್ತಾಗಲೆಂದು ಕುರ್ಚಿಯ ಕೈಯ ಮೇಲೆ ತಟ್ಟುವುದು. ಟಕ್ ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್. ಬೆಳಗಿನಿಂದ ಸಂಜೆಯವರೆಗೆ ಆಕೆ ಗಾಳಿಯಲ್ಲೇ ಹೆಣೆಯುತ್ತಿದ್ದಳು. ಡಾಕ್ಟರು ವಯಸ್ಸಾಯಿತು ಎಂದಷ್ಟೇ ಹೇಳಿ ಕೈಚೆಲ್ಲಿದ್ದರು. ಬುಟ್ಟಿ ಅಕ್ಕ ಆ ಕೈಗಳನ್ನು ಆದಷ್ಟು ನೋಡದೆ ಊಟ ಮಾಡಿಸಿ ಮಲಗಿಸುತ್ತಿದ್ದಳು.

ಆಮೇಲೆ ಬಹಳ ದಿನ ಅರ್ಧಮ್ಮನ ಸುಳಿವಿಲ್ಲ. ಊರು ಬಿಟ್ಟಳೇನೋ ಎಂದುಕೊಳ್ಳುತ್ತಿದ್ದಾಗ ಒಂದು ಮಧ್ಯಾಹ್ನ ಮಡಿಲ ಮೇಲೆ ಮತ್ತೆ ನೆರಳು ಬಿತ್ತು. ಆಕೆ ಸೊರಗಿಹೋಗಿದ್ದಳು. ಬುಟ್ಟಿಗಳತ್ತ ಕಣ್ಣನ್ನೂ ಹಾಯಿಸಲಿಲ್ಲ.

"ನಮ್ಮನೆಗೆ ಬರ್ತೀಯಾ? ಈಗಲೇ. ನಿನ್ನ ಬುಟ್ಟಿಗಳು... ಅವು ಸುಮ್ಮನಿರೋದಿಲ್ಲ."

"ಏನಮ್ಮ ಹಾಗಂದ್ರೆ?"

"ಬಂದು ಕೇಳು. ನನಗೆ ಹೇಳೋಕೆ ಬರಲ್ಲ."

ಕೀಲಿಕೈಯವನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ಬುಟ್ಟಿ ಅಕ್ಕ ಹೊರಟಳು. ಉದ್ದನೆಯ ಬೀದಿಯ ಕೊನೆಯಲ್ಲಿ, ಮೂರನೇ ಅಂತಸ್ತಿನಲ್ಲಿ ಆಕೆಯ ಮನೆ. ಒಳಗೆ ಎಲ್ಲವೂ ಒಪ್ಪವಾಗಿತ್ತು, ಆದರೆ ಯಾವುದೂ ಬಳಸಿದಂತೆ ಕಾಣಲಿಲ್ಲ. ಈರುಳ್ಳಿ ಪ್ಲಾಸ್ಟಿಕ್ ಚೀಲದಲ್ಲಿ, ಒಗೆಯುವ ಬಟ್ಟೆ ನೆಲದ ಮೇಲೆ. ಒಂದು ಬುಟ್ಟಿಯೂ ಇಲ್ಲ. ನಡುಮನೆಯಾಚೆ ಬೀಗ ಹಾಕಿದ ಬಾಗಿಲೊಂದಿತ್ತು.

"ಹತ್ತಿರ ಹೋಗಿ ಕಿವಿಗೊಡು" ಎಂದಳು ಅರ್ಧಮ್ಮ. ತಾನು ಮಾತ್ರ ಹೊಸಿಲ ಬಳಿಯೇ ನಿಂತಳು.

ಬುಟ್ಟಿ ಅಕ್ಕ ಬಾಗಿಲಿಗೆ ಕಿವಿ ಹಚ್ಚಿದಳು. ಬೆತ್ತಕ್ಕೆ ಒಣಹವೆ ತಗುಲಿದರೆ ಮುರಮುರ ಎನ್ನುವುದುಂಟು. ಅಷ್ಟೇ ಇರಬೇಕು ಎಂದುಕೊಂಡೇ ಬಂದಿದ್ದಳು. ಮೊದಲು ಅದೇ ಕೇಳಿಸಿತು, ಯಾರೋ ಮಗ್ಗುಲು ಬದಲಿಸಿದಂತೆ. ಆಮೇಲೆ ಕೇಳಿಸಿದ್ದು ಬೇರೆ. ಟಕ್ ಟಕ್. ಸ್ವಲ್ಪ ಬಿಡುವು. ಟಕ್.

ಆ ಹೊತ್ತಿಗೆ ದೊಡ್ಡಮ್ಮ ಊರಿನ ಇನ್ನೊಂದು ಮೂಲೆಯಲ್ಲಿ ಕುರ್ಚಿಯ ಕೈಯನ್ನು ತಟ್ಟುತ್ತಾ ಕೂತಿದ್ದಳು.

ಅರ್ಧಮ್ಮ ಬಂದು ಬೀಗ ತೆಗೆದೊಡನೆ ಸದ್ದು ನಿಂತುಹೋಯಿತು. ಒಳಗೆ ಕಿಟಕಿಗೆ ದಪ್ಪ ಪರದೆ. ನೆಲದಿಂದ ಸೂರಿನವರೆಗೆ ಬುಟ್ಟಿಗಳು. ಮುಚ್ಚಳದವು, ಹಿಡಿಯವು, ತೊಟ್ಟಿಲಿನಷ್ಟು ದೊಡ್ಡವು, ಅಂಗೈಯಲ್ಲಿ ಹಿಡಿಯುವಂಥವು. ಎಷ್ಟೋ ಬುಟ್ಟಿಗಳ ಸುತ್ತಿದ ಕಾಗದವನ್ನೂ ಬಿಚ್ಚಿರಲಿಲ್ಲ. ಬಿಚ್ಚಿದವುಗಳ ಬಾಯಿಯೆಲ್ಲ ಬಾಗಿಲ ಕಡೆಗೇ ತೆರೆದುಕೊಂಡಿತ್ತು, ಏನನ್ನೋ ಕೇಳಲು ಕಾದಿರುವವರ ಹಾಗೆ.

"ಒಂದನ್ನೂ ಬಳಸಿಲ್ವಾ?" ಎಂದಳು ಬುಟ್ಟಿ ಅಕ್ಕ.

"ಬಳಸೋಕೆ ಅಂತ ತಂದಿದ್ದೇ ಅಲ್ಲ." ಅರ್ಧಮ್ಮ ಗೋಡೆಗೊರಗಿದಳು. "ನಮ್ಮ ಯಜಮಾನರು ಮಾತು ಕಮ್ಮಿ. ನಾನು ಮಾಡಿದ ಅಡುಗೆಗೆ, ಉಟ್ಟ ಬಟ್ಟೆಗೆ, ಯಾವುದಕ್ಕೂ ಒಂದು ಒಳ್ಳೆ ಮಾತು ಬರ್ತಿರಲಿಲ್ಲ. ಒಂದ್ಸಲ ನಿಮ್ಮ ದೊಡ್ಡಮ್ಮನ ಹತ್ರ ಅರ್ಧಕ್ಕೆ ಬುಟ್ಟಿ ತಂದೆ. ಆವತ್ತು ಯಜಮಾನರು ನಕ್ಕುಬಿಟ್ರು. ಪರವಾಗಿಲ್ಲ, ನೀನೂ ಜಾಣೆನೇ ಅಂದ್ರು. ಆ ಒಂದು ಮಾತಿಗೆ ಮತ್ತೆ ಮತ್ತೆ ತಂದೆ. ಅವರು ತೀರಿಕೊಂಡ ಮೇಲೂ ಕೈ ನಿಲ್ಲಲಿಲ್ಲ. ಅವರು ಹೋದಮೇಲೇ ಈ ಸದ್ದೂ ಶುರುವಾಗಿದ್ದು. ಈಗೀಗ ತಡೆಯೋಕಾಗ್ತಿಲ್ಲ."

ಬುಟ್ಟಿ ಅಕ್ಕ ರಾಶಿಯ ಮುಂದೆ ಕೂತಳು. ಒಂದೊಂದನ್ನೇ ಕೈಗೆತ್ತಿಕೊಂಡು ನೋಡುತ್ತಿದ್ದಳು. ತಳದಲ್ಲಿದ್ದವು ದೊಡ್ಡಮ್ಮನ ಪ್ರಾಯದ ಕೆಲಸ. ನೀರು ಹಾಕಿದರೂ ಸೋರದಂಥ ಒತ್ತಾದ ಹೆಣಿಗೆ. ಮೇಲೆ ಬಂದಂತೆ ಸಾಲು ಸ್ವಲ್ಪ ಸೊಟ್ಟಗಾಗಿತ್ತು. ಇನ್ನೂ ಮೇಲೆ, ಕಣ್ಣು ಕಾಣದೆ ಬೆತ್ತದ ಸೀಳಿಗೆ ಬೆರಳು ಸಿಕ್ಕಿ ಕೊಯ್ದಿರಬೇಕು, ಅಂಚಿನಲ್ಲಿ ರಕ್ತದ ಕಂದು ಕಲೆಗಳು. ಅದರ ಮೇಲೆಲ್ಲೋ ತನ್ನವು. ಎಲ್ಲಿ ದೊಡ್ಡಮ್ಮನ ಕೆಲಸ ಮುಗಿದು ಎಲ್ಲಿ ತನ್ನದು ಶುರುವಾಗಿದೆ ಎಂದು ಹುಡುಕಿದಳು. ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ. ಒಂದೇ ಹೆಂಗಸು ಎರಡು ಆಯುಷ್ಯ ಕೂತು ಹೆಣೆದಂತಿತ್ತು.

"ಎಲ್ಲಾ ತಗೊಂಡು ಹೋಗಿಬಿಡು, ನಿನ್ನ ದಮ್ಮಯ್ಯ" ಎಂದಳು ಅರ್ಧಮ್ಮ. "ಒಂದು ಕಾಸೂ ಕೊಡಬೇಡ. ಮತ್ತೆ ಮಾರ್ಕೋ."

ಆಸೆಯಾಗದೆ ಇರಲಿಲ್ಲ. ಇಷ್ಟನ್ನೂ ಅಂಗಡಿಗೆ ಸಾಗಿಸಿದರೆ ವರ್ಷವಿಡೀ ಕೈಗೆ ಬಿಡುವು. ಆದರೆ ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ಇಟ್ಟಳು.

"ಇವು ದೊಡ್ಡಮ್ಮನವು. ನಾಳೆ ಅವರನ್ನ ಕರ್ಕೊಂಡು ಬರ್ತೀನಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಮರುದಿನ ದೊಡ್ಡಮ್ಮನನ್ನು ಆ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು. ಕೋಣೆಯ ನಡುವೆ ಕುರ್ಚಿ ಹಾಕಿ ಕೂರಿಸಿದರು. ಆಕೆಯ ಕೈಗಳು ಗಾಳಿಯಲ್ಲಿ ಹೆಣೆಯುತ್ತಲೇ ಇದ್ದವು. ಬುಟ್ಟಿ ಅಕ್ಕ ತಳದಿಂದ ಒಂದನ್ನೆಳೆದು ಆ ಕೈಗಳ ನಡುವೆ ಇಟ್ಟಳು.

ಕೈಗಳು ನಿಂತವು. ಬೆರಳುಗಳು ಅಂಚಿನ ಮೇಲೆ, ತಳದ ಮೇಲೆ ನಿಧಾನವಾಗಿ ಓಡಾಡಿದವು. ಆಮೇಲೆ ದೊಡ್ಡಮ್ಮ ಮಾತಾಡಿದಳು. ವರ್ಷಗಳಿಂದ ಮುಚ್ಚಿದ್ದ ಗಂಟಲು, ಒಣಗಿದ ಬೆತ್ತ ಸೀಳಿದಂತೆ ಕೇಳಿಸಿತು. ಅವಳು ಹೇಳಿದ್ದು ಒಂದು ಬೆಲೆ.

ಬುಟ್ಟಿ ಅಕ್ಕ ಮತ್ತೊಂದನ್ನು ಇಟ್ಟಳು. ಮತ್ತೊಂದು ಬೆಲೆ. ಏರಿಳಿತವಿಲ್ಲದ ದನಿಯಲ್ಲಿ ದೊಡ್ಡಮ್ಮ ಒಂದಾದ ಮೇಲೊಂದು ಹೇಳುತ್ತಾ ಹೋದಳು. ಕೋಪವಿಲ್ಲ, ದುಃಖವಿಲ್ಲ. ಅಂದಂದು ಹೆಣೆದು ಮುಗಿಸಿ, ಇದಕ್ಕಿಷ್ಟು ಕೇಳಬೇಕು ಎಂದು ಮನಸ್ಸಿನಲ್ಲಿ ಕಟ್ಟಿಕೊಂಡು, ಹೇಳದೆ ನುಂಗಿದ ಬೆಲೆಗಳು. ಒಂದನ್ನೂ ಮರೆತಿರಲಿಲ್ಲ. ಪರದೆ ಎಳೆದ ಆ ಕೋಣೆಯಲ್ಲಿ ಅವಳ ದನಿ ಬಿಟ್ಟರೆ ಮೂವರ ಉಸಿರು ಮಾತ್ರ ಕೇಳಿಸುತ್ತಿತ್ತು.

ಅರ್ಧಮ್ಮನಿಗೆ ತಡೆಯಲಾಗಲಿಲ್ಲ. "ಸಾಕು! ಇದನ್ನೆಲ್ಲ ಆಗಲೇ ಯಾಕೆ ಹೇಳಲಿಲ್ಲ ನೀನು?"

ದೊಡ್ಡಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. ಕಾಣದ ಕಣ್ಣುಗಳು ನೇರವಾಗಿ ಆಕೆಯ ಮೇಲೇ ನಿಂತವು.

"ನೀವು ಕೇಳಲೇ ಇಲ್ವಲ್ಲ ತಾಯಿ. ನೀವೇ ಹೇಳಿದ್ರಿ."

ಅರ್ಧಮ್ಮ ಸೆರಗು ಕಚ್ಚಿಕೊಂಡು ನೆಲಕ್ಕೆ ಕುಸಿದು ಕೂತಳು. ಬುಟ್ಟಿ ಅಕ್ಕನಿಗೆ ಆಕೆಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮಾತು ತನಗೂ ತಾಕಿತ್ತು. ಆಕೆ ಕೇಳಲಿಲ್ಲ, ನಿಜ. ಆದರೆ ತಾನಾದರೂ ಬಾಯಿಬಿಟ್ಟು ಹೇಳಿದ್ದೆಂದು?

ಹೊರಡುವಾಗ ಅರ್ಧಮ್ಮ ಬಾಗಿಲವರೆಗೂ ಬಂದಳು. "ಇನ್ನು ಸದ್ದು ಬರೋದಿಲ್ವಾ?"

"ಗೊತ್ತಿಲ್ಲಮ್ಮ" ಎಂದಳು ಬುಟ್ಟಿ ಅಕ್ಕ. "ಈರುಳ್ಳಿ ಹಾಕಿಡಿ. ಬಟ್ಟೆ ಹಾಕಿಡಿ. ಅಕ್ಕಪಕ್ಕದವರಿಗೆ ಕೊಡಿ. ಬುಟ್ಟಿ ಅಂದಮೇಲೆ ಅದರಲ್ಲಿ ಏನಾದ್ರೂ ಇರಬೇಕು."

ಸಂತೆಯಲ್ಲಿ ಮುಂದಿನ ವಾರ ಎಳೆಯ ವಯಸ್ಸಿನ ಗಂಡ ಹೆಂಡತಿ ಬಂದರು. ಹೆಂಡತಿಗೆ ಹಿಡಿಯಿದ್ದ ಬುಟ್ಟಿ ಹಿಡಿಸಿತ್ತು. ಬುಟ್ಟಿ ಅಕ್ಕ ಬೆಲೆ ಹೇಳಿದಳು. ಹೇಳಿದ ಮೇಲೆ ತನ್ನ ದನಿ ತನಗೇ ಹೊಸದೆನಿಸಿತು.

"ಏನ್ರೀ ಇದು, ಚಿನ್ನದ ತಂತೀಲಿ ಹೆಣೆದಿದ್ದೀರಾ?" ಗಂಡ ನಕ್ಕ. "ಸರಿಯಾಗಿ ಹೇಳಿ, ಕೊನೇ ಮಾತು ಎಷ್ಟು?"

ಅರ್ಧಕ್ಕೆ ಒಪ್ಪುವ ಹಳೆಯ ಮಾತು ಅವಳ ನಾಲಿಗೆ ತುದಿಗೆ ಬಂದು ನಿಂತಿತ್ತು. ಪಕ್ಕದ ಗೂಡಂಗಡಿಯಲ್ಲಿ ಅರದ ಸದ್ದು ನಿಂತಿತು.

"ಅದೇ ಕೊನೇ ಮಾತು ಸಾರ್."

ಅವನು ಮೂಗು ಮುರಿದು ಹೆಂಡತಿಯ ಕೈಹಿಡಿದು ನಡೆದುಬಿಟ್ಟ. ಬುಟ್ಟಿ ಅಕ್ಕ ಮತ್ತೆ ಹೆಣಿಗೆ ಕೈಗೆತ್ತಿಕೊಂಡಳು. ಕೂಗಿ ಕರೆಯಬೇಕೆನಿಸಿದರೂ ಕರೆಯಲಿಲ್ಲ. ತಲೆ ಎತ್ತಿದಾಗ ಅವರು ನಿಂತಿದ್ದ ಜಾಗದಲ್ಲಿ ಅರ್ಧಮ್ಮ ನಿಂತಿದ್ದಳು.

ಆಕೆ ಮುಚ್ಚಳವಿದ್ದ ಒಂದು ಪುಟ್ಟ ಬುಟ್ಟಿ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ತಳ ತಟ್ಟಲಿಲ್ಲ.

"ಇದಕ್ಕೆಷ್ಟು?"

ಬುಟ್ಟಿ ಅಕ್ಕ ಹೇಳಿದಳು. ಅರ್ಧಮ್ಮನ ತುಟಿಗಳು ರೂಢಿಯಂತೆ ಅಲುಗಿ, ಮುಚ್ಚಿಕೊಂಡವು. ಬುಟ್ಟಿಯನ್ನು ಎರಡೂ ಕೈಯಿಂದ ಮೊದಲಿದ್ದ ಜಾಗದಲ್ಲೇ ಇಟ್ಟಳು.

"ಇವತ್ತು ನನ್ನ ಹತ್ರ ಅಷ್ಟಿಲ್ಲಮ್ಮ. ಮುಂದಿನ ತಿಂಗಳು ಬರ್ತೀನಿ" ಎಂದಳು. "ನನಗೋಸ್ಕರ ಎತ್ತಿಡಬೇಡ. ಅಷ್ಟರಲ್ಲಿ ಯಾರಾದ್ರೂ ಆ ಬೆಲೆ ಕೊಟ್ರೆ ಕೊಟ್ಟುಬಿಡು."