ಎಲೆ ಗಾಡಿಯ ಟೈರು

ನೂರಾ ನಾಲ್ಕು ಸಾಲುತ್ತದೆಯೇ? ಸಾಲಬೇಕು. ಎಲೆ ಗಾಡಿಗೆ ಇನ್ನೆಷ್ಟು ಬೇಕು?

ಜ್ಯಾಕಿನ ಮೇಲೆ ನಿಂತ ಪಿಕಪ್ಪಿನ ಹಿಂದೆ ಕುಕ್ಕರಗಾಲಲ್ಲಿ ಕೂತ ಫಕ್ಕೀರೇಶ, ತಾನೇ ಹಾಕಿದ ಹೊಸ ಟೈರಿನ ಪಕ್ಕೆಯ ಮೇಲಿನ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸಿದ. ೧೦೪ ಎಂದರೆ ಒಂದು ಟೈರು ಒಂಬೈನೂರು ಕಿಲೋ ಹೊರುತ್ತದೆ. ಬಿಚ್ಚಿದ ಸವಕಲು ಟೈರುಗಳು ೧೧೨ರವು. ಸಾವಿರದ ನೂರಾ ಇಪ್ಪತ್ತು ಹೊರುವಂಥವು. ಆ ನಂಬರಿನವು ಹುಬ್ಬಳ್ಳಿಯಿಂದ ಬರುವುದು ನಾಳೆ. ಕೊಯ್ದ ವೀಳ್ಯದೆಲೆ ನಾಳೆಯವರೆಗೆ ತಡೆಯುವುದಿಲ್ಲ.

“ಏನ್ ನೋಡಾಕತ್ತೀರಿ, ಟೈರಿನ ಜಾತಕಾನ?” ಗಾಡಿಯ ಮಾಲೀಕ ತನ್ವೀರ ನಕ್ಕ. “ಹಿರೇಕೆರೂರಾಗ ಕಾಯಾಕತ್ತಾರ್ರಿ. ಬಾಡಿದ್ರ ಈ ಎಲೀನ ಆಡೂ ಮೂಸೂದಿಲ್ಲ.”

“ಎಷ್ಟು ಪೆಂಡಿ?”

“ಐವತ್ತು.”

ಸವಣೂರಿನಲ್ಲಿ ಎಲೆಯನ್ನು ಎಣಿಸುತ್ತಾರೆ, ತೂಗುವುದಿಲ್ಲ. ಗಾಡಿಗಳಿಗೂ ಅವು ಹೊತ್ತು ಹೋಗುವ ಸರಕಿನದೇ ಹೆಸರು: ಎಲೆ ಗಾಡಿ, ಇಟ್ಟಿಗೆ ಗಾಡಿ, ಖಾರದ ಗಾಡಿ. ಹದಿನೆಂಟು ವರ್ಷದಿಂದ ಫಕ್ಕೀರೇಶ ಆ ಹೆಸರು ಕೇಳಿಯೇ ಟೈರು ಕೊಟ್ಟವನು. ಐವತ್ತು ಪೆಂಡಿ ಐದುನೂರು ಕಿಲೋ ದಾಟುವುದಿಲ್ಲ.

ಕ್ಯಾಬಿನ್ನಿನಿಂದ ತನ್ವೀರನ ಹೆಂಡತಿ ತಹಮೀನಾ ತಲೆ ಹೊರಹಾಕಿದಳು. “ಅಣ್ಣಾರ, ಇವರು ತಮ್ಮ ಚಪ್ಪಲಿ ನಂಬರೂ ನನ್ನ ಕೇಳ್ತಾರ. ನೀವ ಹೇಳ್ರಿ, ಟೈರು ಚಲೋ ಅದಾವಿಲ್ಲೋ?”

“ಹೊಸಾವದಾವು. ಕಣ್ಣು ಮುಚ್ಚಿ ಕುಂದ್ರವ್ವ.”

ಆಡಿದ ಮೇಲೆ ಆ ಮಾತು ಅವನಿಗೇ ಹಿಡಿಸಲಿಲ್ಲ.

ತನ್ವೀರ ಗಾಡಿ ಚಾಲೂ ಮಾಡಿ, ಕಿಟಕಿಯಿಂದ ಕೂಗಿದ. “ಸಂಜೀಕ ಸಿಗ್ತೇನ್ರಿ. ಬರೂ ಮುಂದ ಅಕ್ಕಿಆಲೂರು ಮಿಲ್ಲಿನಾಗ ಮೂವತ್ತು ಚೀಲ ಅಕ್ಕಿ ಹೇರ್ಕೊಂಡು ಬರೂದೈತಿ.”

“ಅಕ್ಕಿ?”

“ಯಾವಾಗ್ಲೂ ತರ್ತೇನಲ್ರೀ. ಖಾಲಿ ಗಾಡಿ ಯಾಂವ ತರ್ತಾನ?”

ಗಾಡಿ ಏನು ಹೊತ್ತು ಹಿಂತಿರುಗುತ್ತದೆ ಎಂದು ಹದಿನೆಂಟು ವರ್ಷದಲ್ಲಿ ಅವನು ಯಾರನ್ನೂ ಕೇಳಿರಲಿಲ್ಲ. ಚೀಲಕ್ಕೆ ಐವತ್ತು ಕಿಲೋ, ಮೂವತ್ತಕ್ಕೆ ಹದಿನೈದುನೂರು. ಗಾಡಿಯ ಹಿಂಬದಿಯ ಸ್ವಂತ ಭಾರ ಏಳುನೂರು. ಹಿಂದಿನ ಎರಡು ಟೈರು ಹೊರುವುದು ಹದಿನೆಂಟುನೂರು. ನಾಲ್ಕುನೂರು ಹೆಚ್ಚು. ಇಳಿ ಅನ್ನಬೇಕಿತ್ತು. ಈಗಷ್ಟೇ ಆ ಹೆಣ್ಣುಮಗಳಿಗೆ ಭರವಸೆ ಕೊಟ್ಟ ಬಾಯಿ ತೆರೆಯಲಿಲ್ಲ. ಗಾಡಿ ಹಾನಗಲ್ಲ ರಸ್ತೆಗೆ ಹೊರಳಿತು.

ಮಧ್ಯಾಹ್ನ ಬಿಸಿಲು ಏರಿತು. ಅಂಗಡಿಯ ಮುಂದಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಬುತ್ತಿ ಬಿಚ್ಚಿದವನು ಹಾಗೆಯೇ ಮುಚ್ಚಿಟ್ಟ. ಮೂರು ಗಂಟೆಗೆ ಫೋನು ಹಚ್ಚಿದ.

“ಹೇಳ್ರಿ ಟೈರ್ ಸಾವಕಾರ್ರ!” ತನ್ವೀರನ ದನಿಯ ಹಿಂದೆ ಚೀಲಗಳು ಬೀಳುವ ಸದ್ದು. ಧಪ್. ಧಪ್.

“ಎಲ್ಲದೀಪಾ?”

“ಮಿಲ್ಲಿನಾಗ. ಹೊಸ ಟೈರ್ ಅದಾವಂತ ಇನ್ನೂ ಐದು ಚೀಲ ಜಾಸ್ತಿ ಹಾಕ್ಸೇನಿ. ತಹಮೀನಾ ಆಗಲೇ ಒಳಗ ಕುಂತು ತೂಕಡಸಾಕತ್ಯಾಳ, ನೀವ ಕಣ್ಣು ಮುಚ್ಚು ಅಂದಿದ್ರೆಲ್ಲ!”

ಧಪ್. ಫಕ್ಕೀರೇಶ ಮುಂದಿನ ಸದ್ದಿಗೆ ಕಾದ. ಅದು ಬರಲಿಲ್ಲ. ಹಿಂಬದಿಯ ಬಾಗಿಲಿಗೆ ಸರಪಳಿ ಬಿಗಿಯುವ ಸಪ್ಪಳ ಕೇಳಿಸಿತು.

“ಯಾಕ್ರಿ, ಏನರ ಹೇಳೂದಿತ್ತೇನು?”

“ಏನಿಲ್ಲ. ಬಿಸಲೈತಿ. ಸಾವಕಾಶ ಬಾ.”

“ಆತ್ರಿ.”

ಆ ಟೈರು ಎಲೆಗೆ ಸಾಲುತ್ತದೆ, ಅಕ್ಕಿಗೆ ಸಾಲುವುದಿಲ್ಲ ಎಂದು ಫಕ್ಕೀರೇಶ ಹೇಳಲೇ ಇಲ್ಲ.