ಸಾಲು ಮುಗಿಸಿ ಹೋಗು

ಫೋನು ಮೇಲೆದ್ದರೆ ದೊಡ್ಡಪ್ಪನಿಗೆ ಮಾತು ಬರುತ್ತಿತ್ತು, ಕೆಳಗಿಳಿದರೆ ಹೋಗುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ದೊಡ್ಡಮ್ಮನಿಗೊಬ್ಬಳಿಗೇ. ಊರವರ ಪಾಲಿಗೆ ಅವರು ಆದರ್ಶ ದಂಪತಿ. ಹಾಗಂತ ಅವರೇನೂ ಡಂಗುರ ಸಾರಿದವರಲ್ಲ, ಸಾರಿದ್ದು ಮೈದುನನ ಮಗಳು. ಬಾಯಿ ತೆರೆದರೆ ನಿಲ್ಲಿಸಲು ಗೊತ್ತಿಲ್ಲದ ಆ ಹುಡುಗಿಯನ್ನು ಮನೆಯವರೆಲ್ಲ ಪಟಾಕಿ ಅನ್ನುತ್ತಿದ್ದರು. ಅವಳು ಕರೆದಂತೆಯೇ ಬೀದಿಯವರೂ ಇವರನ್ನು ದೊಡ್ಡಪ್ಪ, ದೊಡ್ಡಮ್ಮ ಅಂತ ಕರೆದು ರೂಢಿಯಾಗಿತ್ತು.

ಇಬ್ಬರೂ ರಜಾಯಿ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕಾಲಿಟ್ಟರೆ ಹತ್ತಿಯ ಧೂಳಿಗೆ ಸೀನು ಗ್ಯಾರಂಟಿ. ಹತ್ತಿ ತುಂಬಿದ ರಜಾಯಿಯನ್ನು ನೆಲಕ್ಕೆ ಹಾಸಿ, ಅವನೊಂದು ತುದಿಗೆ, ಅವಳೊಂದು ತುದಿಗೆ ಕೂತು, ಒಂದೇ ಸಾಲನ್ನು ಎರಡು ಕಡೆಯಿಂದ ಹೊಲಿಯುತ್ತಾ ಬರುವುದು ಅವರ ಪದ್ಧತಿ. ಗೆರೆ ಎಳೆದುಕೊಳ್ಳುವ ಹಾಗಿಲ್ಲ. ಎರಡೂ ಹೊಲಿಗೆ ನಡುವೆ ಸೇರಿದಲ್ಲಿ ಒಬ್ಬರು ದಾರ ಹಿಡಿಯಬೇಕು, ಇನ್ನೊಬ್ಬರು ಗಂಟು ಹಾಕಬೇಕು. ಕಲಿಸಿದವರು ದೊಡ್ಡಮ್ಮನ ಅತ್ತೆ. ಒಬ್ಬರೇ ಹೊಲಿದರೆ ಹತ್ತಿಯೆಲ್ಲ ಒಂದು ಮೂಲೆಗೆ ಸರಿದು ಮುದ್ದೆಯಾಗುತ್ತದೆ ಅನ್ನುವುದು ಅವರ ವಾದವಾಗಿತ್ತು.

ಆ ಅತ್ತೆ ತೀರಿಕೊಂಡ ದಿನ ದೊಡ್ಡಮ್ಮ ಇಲ್ಲಿರಲಿಲ್ಲ. ಅಕ್ಕನಿಗೆ ಆಪರೇಷನ್ ಅಂತ ನೋಡಿಕೊಳ್ಳಲು ಹೋಗಿದ್ದಳು. ಸುದ್ದಿ ತಿಳಿದು ಎದ್ದೆನೋ ಬಿದ್ದೆನೋ ಅಂತ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡ ಬೈಯಲಿಲ್ಲ, ಕೂಗಾಡಲಿಲ್ಲ. ಮಾತು ಬಿಟ್ಟ, ಅಷ್ಟೇ. ಬೈದಿದ್ದರೆ ಅವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. ಇವನೋ, ಉಪ್ಪು ಬೇಕಾದರೆ ಡಬ್ಬಿಯ ಕಡೆ ಬೆರಳು ತೋರಿಸುವ, ಊಟ ಸಾಕಾದರೆ ತಟ್ಟೆ ಸರಿಸಿ ಏಳುವ. ಅವಳು ಎಷ್ಟು ಅತ್ತರೂ ಕ್ಷಮೆ ಕೇಳಿದರೂ ಜಪ್ಪಯ್ಯ ಅನ್ನಲಿಲ್ಲ.

ಈ ಮೌನದ ನಡುವೆಯೇ ವ್ಯಾಪಾರವೂ ಬಿದ್ದುಹೋಯಿತು. ಆಗ ಬಂದವಳು ಪಟಾಕಿ.

"ದೊಡ್ಡಮ್ಮ, ಹ್ಯಾಷ್‌ಟ್ಯಾಗ್ ಹಾಕೋಣ."

"ಹಾಗಂದ್ರೇನೇ?"

"ಒಂಥರಾ ಅಂಗಡಿ ಬೋರ್ಡು ಅಂದ್ಕೊಳ್ಳಿ. ಅದನ್ನ ಒತ್ತಿದೋರು ಸೀದಾ ನಿಮ್ಮ ಹತ್ರ ಬರ್ತಾರೆ. ಬರೀ ರಜಾಯಿ ಅಂತ ಹಾಕಿದ್ರೆ ಲಕ್ಷ ಜನದ ಮಧ್ಯೆ ಕಳೆದುಹೋಗ್ತೀರ. ನಿಮ್ದೇ ಅಂತ ಒಂದು ಬೇಕು."

ಅವರು ಹೊಲಿಯುವುದನ್ನು ಕೆನ್ನೆಗೆ ಕೈಯಿಟ್ಟು ನೋಡುತ್ತಾ ಕೂತವಳಿಗೆ ಥಟ್ಟನೆ ಹೊಳೆದದ್ದು #ನಡುವೆಸೇರೋಣ. "ದೊಡ್ಡಪ್ಪ, ಗಂಟು ಹಾಕುವಾಗ ಏನಾದ್ರೂ ಪ್ರೀತಿಯಿಂದ ಹೇಳಿ" ಅಂತ ಫೋನು ಎತ್ತಿ ಹಿಡಿದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ದಾರ ಹಿಡಿ, ಚಿನ್ನ" ಅಂದ.

ಚಿನ್ನ! ಮದುವೆಯಾದ ಹೊಸದರಲ್ಲೂ ಆ ಬಾಯಿಂದ ಬರದ ಮಾತು. ದೊಡ್ಡಮ್ಮನ ಕಣ್ಣು ತುಂಬಿ ಬಂತು, ವಿಡಿಯೋದಲ್ಲಿ ಅದೂ ಬಂತು. ಆಮೇಲೆ ಕೇಳಬೇಕೇ? ಮದುವೆಗೆ ಉಡುಗೊರೆ ಕೊಡುವವರು, ಮುನಿಸಿಕೊಂಡ ಹೆಂಡತಿಯನ್ನು ಒಲಿಸಿಕೊಳ್ಳುವವರು, ಸುಮ್ಮನೆ ಇಬ್ಬರನ್ನೂ ನೋಡಿ ಹೋಗೋಣ ಅಂತ ಬಂದವರು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ.

ಫೋನು ಕೆಳಗಿಳಿದ ಕೂಡಲೇ ದೊಡ್ಡಪ್ಪನ ಮುಖ ಮತ್ತೆ ಬಾಗಿಲು ಹಾಕಿಕೊಳ್ಳುತ್ತಿತ್ತು. ನಾಚಿಕೆಗೇಡಿನ ವಿಷಯವೆಂದರೆ, ದೊಡ್ಡಮ್ಮ ಫೋನಿಗೆ ಕಾಯತೊಡಗಿದಳು. ಪಟಾಕಿ ಬರುವ ಹೊತ್ತಿಗೆ ತಲೆ ಬಾಚಿಕೊಂಡು ಕೂರುವಳು. ಅವನು ಏನೋ ಒಂದು ಅನ್ನುತ್ತಾನಲ್ಲ, ಸುಳ್ಳೋ ಪಳ್ಳೋ, ಕಿವಿಗೆ ಬೀಳುತ್ತದಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು. ಬಿಟ್ಟು ಹೋಗೋಣವೆಂದರೆ, ಇಬ್ಬರೂ ಕೂತರೆ ತಾನೇ ಅಂಗಡಿ? ಬೋರ್ಡೇ ಅವಳ ಕಾಲಿಗೆ ಕಟ್ಟಿದ ಹಗ್ಗವಾಗಿತ್ತು.

ಒಂದು ಬೆಳಿಗ್ಗೆ ದಬ್ಬಳ ಜಾರಿ ಅವಳ ಬೆರಳಿನೊಳಕ್ಕೇ ಇಳಿಯಿತು. "ಅಮ್ಮಾ!" ಅಂತ ಚೀರಿದಳು. ರಕ್ತ ತೊಟ್ಟಿಕ್ಕಿತು. ದೊಡ್ಡಪ್ಪ ಎದ್ದು ಬಂದ. ಬಂದವನು ಕಲೆಯಾಗದಂತೆ ರಜಾಯಿಯನ್ನು ಆಚೆ ಎಳೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕೂತ. ಅವಳು ತಾನೇ ಬಟ್ಟೆ ಹರಿದು ಸುತ್ತಿಕೊಂಡಳು.

ಸಂಜೆ ಪಟಾಕಿ ಲೈವ್ ಶುರು ಮಾಡಿದಳು, ಎಷ್ಟೋ ಮನೆಗಳಲ್ಲಿ ಜನ ಅದೇ ಗಳಿಗೆಯಲ್ಲಿ ಅದನ್ನು ನೋಡುತ್ತಿದ್ದರು. ದೊಡ್ಡಪ್ಪ ಬಾಗಿ ಹೆಂಡತಿಯ ಕೈ ಹಿಡಿದುಕೊಂಡ.

"ಅಯ್ಯೋ ಚಿನ್ನ, ಬೆರಳಿಗೇನಾಯ್ತು?"

ದೊಡ್ಡಮ್ಮ ಕೈ ಬಿಡಿಸಿಕೊಂಡು ಫೋನಿನ ಕಡೆ ತಿರುಗಿ ಹೇಳಿಯೇಬಿಟ್ಟಳು.

"ಕೇಳಿ ಎಲ್ರೂ. ನಾನು ಇವರನ್ನ ಬಿಟ್ಟು ಹೋಗ್ತಿದ್ದೀನಿ. ಅಕ್ಕನ ಮನೆಗೆ. ಇನ್ನು ಬರಲ್ಲ."

ದೊಡ್ಡಪ್ಪನ ಕೈಯಲ್ಲಿದ್ದ ದಬ್ಬಳ ಒಂದು ಕ್ಷಣ ನಿಂತಿತು. ಆಮೇಲೆ ಅವನು ನಕ್ಕ, ಎಂಥ ನಗು! "ಹೋಗುವಿಯಂತೆ ಚಿನ್ನ. ಈ ಸಾಲು ಮುಗಿಸಿ ಹೋಗು."

ಪಟಾಕಿ ಕಿಲಕಿಲ ನಕ್ಕಳು. ಫೋನಿನ ತುಂಬ ಹೃದಯದ ಚಿತ್ರಗಳು ಹಾರಿದವು. ಬಾಗಿಲಲ್ಲಿ ನಿಂತ ಗಿರಾಕಿಗಳು ಚಪ್ಪಾಳೆ ತಟ್ಟಿದರು. "ನಿಜಾನೇ ಹೇಳ್ತಿದ್ದೀನಿ" ಅಂದಳು ದೊಡ್ಡಮ್ಮ. ಅದಕ್ಕೆ ಇನ್ನೂ ಜೋರು ಚಪ್ಪಾಳೆ.

ಎಲ್ಲರೂ ಹೋದ ಮೇಲೆ ಅವಳು ಗಂಡನ ಎದುರು ನಿಂತಳು. "ರೀ, ನಾನು ಹೇಳಿದ್ದು ತಮಾಷೆಗಲ್ಲ. ಕೇಳಿಸ್ತಾ?" ಅವನು ಗೂಡಿನಲ್ಲಿಟ್ಟಿದ್ದ ತಮ್ಮ ಫೋನಿನ ಕಡೆ ಒಮ್ಮೆ ನೋಡಿದ. ಅದು ಆರಿತ್ತು. ತಲೆ ತಗ್ಗಿಸಿ ದಬ್ಬಳಕ್ಕೆ ದಾರ ಪೋಣಿಸತೊಡಗಿದ.

ಬೆಳಗಾಗುವಷ್ಟರಲ್ಲಿ #ಸಾಲುಮುಗಿಸಿಹೋಗು ಮನೆಮಾತಾಗಿತ್ತು. ರಜಾಯಿಯ ಅಂಚಿಗೆ ಅದನ್ನೇ ಹೊಲಿದುಕೊಡಿ ಅಂತ ಆರ್ಡರ್ ಮೇಲೆ ಆರ್ಡರ್. ಅಂಗಡಿಗೆ ಬಂದವರದೆಲ್ಲ ಒಂದೇ ಬೇಡಿಕೆ: "ದೊಡ್ಡಮ್ಮ, ಬಿಟ್ಟು ಹೋಗ್ತೀನಿ ಅಂತ ಇನ್ನೊಂದ್ಸಲ ಹೇಳಿ, ನಮ್ಮೋರಿಗೆ ಕಳಿಸ್ಬೇಕು."

ದೊಡ್ಡಮ್ಮ ಬಟ್ಟೆಯ ಗಂಟು ಕಟ್ಟಿಕೊಂಡು ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ನಾನು ಬರ್ತಿದ್ದೀನಿ ಕಣೇ."

ಆ ಕಡೆ ಅಕ್ಕ ನಕ್ಕಿದ್ದೇ ನಕ್ಕಿದ್ದು. "ನೋಡಿದೆ ಕಣೇ, ಮನೆಮಂದಿಯೆಲ್ಲ ಕೂತು ನೋಡಿದ್ವಿ! ಪುಣ್ಯವಂತೆ ನೀನು. ಬಾರೇ ಬಾ, ಸಾಲು ಮುಗಿಸಿ ಬಾ!"

ದೊಡ್ಡಮ್ಮ ಗಂಟನ್ನು ಬಾಗಿಲ ಹಿಂದೆ ಇಟ್ಟಳು. ಗಂಡ ಆ ತುದಿಯಲ್ಲಿ ಕೂತು ಹೊಲಿಯುತ್ತಿದ್ದ, ತಲೆಯೆತ್ತಲಿಲ್ಲ. ತಾನು ಹೋಗಬೇಕೋ ಇರಬೇಕೋ, ಅಷ್ಟನ್ನು ಅವನ ಬಾಯಿಂದ ಕೇಳಿಬಿಟ್ಟರೆ ಸಾಕಿತ್ತು ಅವಳಿಗೆ. ಮೂಲೆಯಲ್ಲಿ ಪಟಾಕಿ ಆರ್ಡರ್ ನೋಡುತ್ತಿದ್ದಳು.

"ಪುಟ್ಟಿ, ಆ ಫೋನ್ ಹಿಡಿಯೇ" ಅಂದಳು ದೊಡ್ಡಮ್ಮ. "ನಿಮ್ಮ ದೊಡ್ಡಪ್ಪನ್ನ ಒಂದು ಮಾತು ಕೇಳ್ಬೇಕು."

ಫೋನು ಮೇಲೆದ್ದಿತು. ದೊಡ್ಡಪ್ಪ ತಲೆಯೆತ್ತಿ, ಮುಖವೆಲ್ಲ ಅರಳಿಸಿ, "ಏನು ಚಿನ್ನ?" ಅಂದ.

ಅವಳು ಸೆರಗು ಸರಿಮಾಡಿಕೊಂಡು ತನ್ನ ತುದಿಯಲ್ಲಿ ಕೂತು, ದಾರ ಹಿಡಿದು ನಕ್ಕಳು.