ಮಿಜುನಾರಾ ಮರದ ವಾಸನೆ

ಗ್ಲಾಸಿನ ಅಂಚು ಮೂಗಿನ ತುದಿಗೆ ತಣ್ಣಗೆ ತಾಗುತ್ತಿದೆ, ತಣ್ಣಗೆ, ಅಷ್ಟೇ, ಬೇರೇನೂ ಇಲ್ಲ — ಒಳಗಿರುವುದು ಜಪಾನಿನಿಂದ ಬಂದ ಹದಿನೆಂಟು ವರ್ಷದ ಮಾಲ್ಟ್ ವಿಸ್ಕಿ, ಬೇಲಾಪುರದ ಈ ಆಫೀಸಿನಲ್ಲಿ ಅದನ್ನು ಮೂಸಿ ತರಿಸಬಹುದೋ ಬೇಡವೋ ಹೇಳುವುದು ನನ್ನ ಕೆಲಸ, ಸರ್ವೋತ್ತಮನ ಮೂಗು ಅಂದರೆ ಮುಗಿಯಿತು ಅನ್ನುತ್ತಿದ್ದರು, ಆದರೆ ಗಣಪತಿ ಹಬ್ಬದಲ್ಲಿ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಒಯ್ದಿತು, ಇವತ್ತು ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ಹಾಲು ಸೀದು ಕಪ್ಪಾಗುವವರೆಗೂ ನಾನು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ನಿಂತಿದ್ದೆ, ಏನ್ರೀ, ವಾಸನೆ ಬರ್ಲಿಲ್ವಾ ನಿಮಗೆ, ಸತ್ಯಭಾಮಾ ಹೊಗೆಯೊಳಗಿಂದ ಕೇಳಿದಳು, ನೆಗಡಿ ಅಂದೆ, ನಾಲ್ಕು ತಿಂಗಳಿಂದ ಹೆಂಡತಿಗೂ ನೆಗಡಿಯ ನೆಪ, ಆಫೀಸಿಗೂ ನೆಗಡಿಯ ನೆಪ, ಹಳೆಯ ಟಿಪ್ಪಣಿ ಓದಿಕೊಂಡು ಬಂದು ಒಪ್ಪಿಸುತ್ತೇನೆ, ಈಗಲೂ ಒಪ್ಪಿಸಿದೆ, ಮಿಜುನಾರಾ ಓಕ್ ಮರದ ಪೀಪಾಯಿ, ಹಾಗಾಗಿ ಶ್ರೀಗಂಧ, ಊದುಬತ್ತಿ, ಒಳ್ಳೆಯ ಮಾಲು — ಎದುರು ಕೂತ ಅನಘ ಗ್ಲಾಸು ಕೆಳಗಿಟ್ಟಳು, ನಾನೇ ಮೂಸಲು ಕಲಿಸಿದ ಹುಡುಗಿ, ಸರ್, ಇದ್ರಲ್ಲಿ ಒದ್ದೆ ರಟ್ಟಿನ ಸ್ಮೆಲ್ ಆ ರಹಾ ಹೈ ನಾ, ಬಿರಡೆ ಖರಾಬ್ ಆಗಿದೆ, ಅಂದವಳು ನನ್ನ ಮುಖ ನೋಡಿದಳು, ತಿಳಿದುಹೋಯಿತು ಅವಳಿಗೆ, ಕೂಡಲೇ ಮಾತು ತಿರುಗಿಸಿದಳು, ಸಾರಿ, ನನ್ನ ಗ್ಲಾಸೇ ಸರಿ ತೊಳ್ದಿಲ್ಲ ಅನ್ಸುತ್ತೆ —

ಮಾಲೀಕ ಹೃಷೀಕೇಶ ನನ್ನ ತೀರ್ಪು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದಾನೆ, ನಾನು ತಲೆಯಾಡಿಸಿದರೆ ಸಾಕು, ಹಿಂದೊಮ್ಮೆ ಜಪಾನಿನ ಭಟ್ಟಿಗೆ ಹೋದಾಗ ಕಂಡ, ನನ್ನಂತೆ ಮೂಸುವ ಕೆಲಸದ ಆ ಮುದುಕ ಯಾಕೆ ಈಗ ನೆನಪಾಗಬೇಕು, ಅವತ್ತು ಹೊರಗೆ ಹಿಮ, ಅವನ ಮೇಜಿನ ಮೇಲೆ ಒಂದೇ ಭಟ್ಟಿಯ ಹನ್ನೆರಡು ಬಗೆಯ ಮಾಲ್ಟ್, ನಮ್ಮಲ್ಲಿ ಒಂದು ಭಟ್ಟಿಯ ಪೀಪಾಯಿಯನ್ನು ಇನ್ನೊಂದು ಭಟ್ಟಿಯವರು ಕೊಳ್ಳುವ ರೂಢಿಯಿಲ್ಲ, ಬೇಕಾದ ರುಚಿಯನ್ನೆಲ್ಲ ಇಲ್ಲೇ ಮಾಡಿಕೊಳ್ಳಬೇಕು ಅಂದಿದ್ದ, ಮಿಜುನಾರಾ ಸೊಟ್ಟ ಮರ, ಸೋರುತ್ತದೆ, ಗಂಧ ಬಿಡಲು ಹದಿನೈದು ಇಪ್ಪತ್ತು ವರ್ಷ ಕಾಯಿಸುತ್ತದೆ, ಆಮೇಲೆ ತನ್ನ ಕುರ್ಚಿ ತೋರಿಸಿ, ನೆಗಡಿಯಾದ ದಿನ ನಾನು ಇದರಲ್ಲಿ ಕೂರುವುದಿಲ್ಲ ಅಂದಿದ್ದ — ನಾನು ಕೂತೇ ಇದ್ದೇನೆ, ಆ ಹುಡುಗಿಯ ಮೇಲೆ ತಪ್ಪು ಬೀಳಲು ಬಿಟ್ಟು ಕೂತೇ ಇದ್ದೇನೆ, ಅವಳು ಹೇಳಿದ್ದು ಸರಿ, ನನಗೆ ವಾಸನೆಯೇ ಬರುವುದಿಲ್ಲ, ಯಾರು ಹೇಳಿದ್ದು ಇದು, ನಾನೇ, ಎಷ್ಟು ದಿವಸ ಆಯ್ತು ಮಾರಾಯಾ, ಹೃಷೀಕೇಶ ಕೇಳಿದ, ಗಣಪತಿ ಹಬ್ಬದಿಂದ, ಅಂದೆ, ನನ್ನತ್ರ ಒಂದು ಮಾತು ಹೇಳ್ಬಹುದಿತ್ತಲ್ಲ, ಅವನು ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು, ತೀರ್ಪು ನೀನೇ ಬರಿ ಅನ್ನುವಂತೆ ಪೆನ್ನನ್ನು ಅನಘಳ ಕಡೆ ಸರಿಸಿದ, ಅವಳು ಅದನ್ನು ಮುಟ್ಟಲಿಲ್ಲ, ಅದೇ ಮಾಲ್ಟಿನ ಎರಡನೆಯ ಬಾಟಲಿ ಬಿಚ್ಚಿ ಮೊದಲು ನನ್ನ ಗ್ಲಾಸಿಗೆ ಸುರಿದಳು, ಆಮೇಲೆ ತನ್ನದಕ್ಕೆ, ಕಣ್ಣು ಮುಚ್ಚಿದಳು, ನನಗಾಗಿ ಮೂಸುತ್ತಿದ್ದಾಳೆ, ಗಂಧ ಸರ್, ಪುಡಿ ಅಲ್ಲ, ಈಗಷ್ಟೇ ತೇಯ್ದದ್ದು — ತೇಯ್ದದ್ದು, ಹೌದು, ಅಮ್ಮ ದೇವರ ಕೋಣೆಯಲ್ಲಿ ತೇಯುತ್ತಿದ್ದ ಕಲ್ಲು, ಒದ್ದೆ ಕಲ್ಲು, ಅದರ ಮೇಲೆ ತೆಳು ಹಳದಿ ಗೆರೆ, ಹೇಗಿತ್ತು ಆ ವಾಸನೆ, ಕಲ್ಲು ಕಾಣುತ್ತಿದೆ, ಗೆರೆ ಕಾಣುತ್ತಿದೆ, ಬಗ್ಗಿ ಮೂಸುತ್ತೇನೆ, ಒದ್ದೆ ಕಲ್ಲು, ಹಳದಿ ಗೆರೆ, ಒದ್ದೆ ಕಲ್ಲು